ಗೂಡಿಗೆ ಹಿಡಿಯುವ ಪೆಟ್ಟಿಗೆ

ಜೂನ್ ೪, ಭಾನುವಾರ

ಚಿರಂಜೀವಿ ಗುಂಡನಿಗೆ,

ಅಮ್ಮನ ಆಶೀರ್ವಾದಗಳು. ನಾನು ಕ್ಷೇಮವಾಗಿದ್ದೇನೆ, ನೀನೂ ಹಾಗೇ ಇದ್ದೀಯ ಎಂದುಕೊಂಡಿದ್ದೇನೆ. ನಿನಗಿಂತ ಮೊದಲು ಈ ಪತ್ರ ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಹೋದ ತಿಂಗಳು ಬರೆಯಲಿಲ್ಲವೆಂದು ಇಬ್ಬರೂ ಬೇಸರ ಮಾಡಿಕೊಳ್ಳಬೇಡಿ. ಶಾಲೆ ತೆರೆಯುವ ಕಾಲ, ಸಮವಸ್ತ್ರದ ರಾಶಿಯಲ್ಲಿ ಮುಳುಗಿಹೋಗಿದ್ದೆ. ಬರುವ ತಾಯಂದಿರದೆಲ್ಲ ಒಂದೇ ಮಾತು: ಬೆಳೆಯೋ ಮಗು, ಸ್ವಲ್ಪ ಸಡಿಲ ಬಿಡಿ. ಬಿಟ್ಟು ಬಿಟ್ಟು ನನ್ನ ಕತ್ತರಿಗೂ ಅದೇ ಅಭ್ಯಾಸವಾಗಿದೆ.

ನಿನ್ನನ್ನು ಇನ್ನೂ ಗುಂಡ ಎಂದು ಕರೆಯುವುದಕ್ಕೆ ಸಾಹೇಬರು ನಗಬಹುದು. ಹುಟ್ಟಿದಾಗ ಕುಂಬಳಕಾಯಿಯ ಹಾಗಿದ್ದೆ, ಹೆಸರು ಅಂಟಿಕೊಂಡಿತು. ಆಮೇಲೆ ನೀನು ಬೀದಿದೀಪದ ಕಂಬದಂತೆ ಬೆಳೆದು ನಿಂತರೂ ನನ್ನ ಬಾಯಿಗೆ ಬೇರೆ ಹೆಸರು ಹತ್ತಲಿಲ್ಲ. ಈಗ ಬದಲಾಯಿಸುವ ವಯಸ್ಸು ನನ್ನದಲ್ಲ.

ಮುಖ್ಯ ಸುದ್ದಿ ಏನೆಂದರೆ, ನಿಮ್ಮಪ್ಪನ ಕಾಲದ ಸೂಟ್‌ಕೇಸ್ ಕೊನೆಗೂ ಕೈಕೊಟ್ಟಿತು. ಹೋದ ಸಲ ನಿನ್ನನ್ನು ನೋಡಲು ಬಂದು ವಾಪಸ್ಸು ಹೊರಟವಳು ಜೈಲಿನ ಮುಂದಿನ ಇಳಿಜಾರು ಇಳಿಯುತ್ತಿದ್ದೆ. ನಿನಗೆ ಆ ದಾರಿ ನೆನಪಿದೆಯೋ ಇಲ್ಲವೋ, ನಿನ್ನನ್ನು ಮುಚ್ಚಿದ ಗಾಡಿಯಲ್ಲಿ ಕರೆತಂದದ್ದು. ಬಸ್ಸು ಕೆಳಗೇ ನಿಂತುಬಿಡುತ್ತದೆ, ಅಲ್ಲಿಂದ ಮೇಲಕ್ಕೆ ಬರೀ ಜಲ್ಲಿಕಲ್ಲು. ಅರ್ಧ ಇಳಿಯುವಷ್ಟರಲ್ಲಿ ಎಡಗಡೆಯ ಗಾಲಿ ಕಳಚಿಕೊಂಡು ನನಗಿಂತ ಮುಂದೆ ಓಡಿತು. ಕೆಳಗೆ ಚಹಾ ಅಂಗಡಿ ಇಟ್ಟಿರುವ ಹೆಂಗಸು ಅದನ್ನು ಹಿಡಿದು ತಂದುಕೊಟ್ಟು, ನಿಮ್ಮ ಪೆಟ್ಟಿಗೆಗೂ ಇಲ್ಲಿಗೆ ಬಂದು ಸಾಕಾಗಿದೆ ನೋಡಿ ಎಂದಳು. ನಗು ಬಂತು. ಪೆಟ್ಟಿಗೆ ಹೊತ್ತುಕೊಂಡು ಬಸ್ಸು, ಬಸ್ಸಿನಿಂದ ರೈಲು. ಮಣಿಕಟ್ಟು ಊದಿಕೊಂಡು ಒಂದು ವಾರ ಹೊಲಿಗೆ ನಿಂತಿತು.

ನೀನು ಹೊರಗೆ ಬರಲಿಲ್ಲ, ಅದನ್ನೂ ಬರೆಯಲೇಬೇಕಲ್ಲ. ಮೀಸೆಯ ಕಾವಲುಗಾರರು ಎಂದಿನಂತೆ ಬಂದು, ಭೇಟಿ ಬೇಡವಂತೆ ಅಮ್ಮ ಎಂದರು. ಎಂದಿನಂತೆ ನಾನು ಬೆಂಚಿನ ಮೇಲೆ ಕೂತೆ. ವರ್ಷದ ಮೇಲಾಯಿತು ಗುಂಡ, ನಾನು ನಿನ್ನ ಮುಖ ಕಂಡು. ಕೊನೆಯ ಸಲ ಗಾಜಿನ ಆಚೆ ಕೂತು ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ನನ್ನ ನೋಡೋಕೆ ನೀನು ಬರ್ತೀಯ. ಅವನ ಅಮ್ಮ ಯಾರನ್ನ ನೋಡೋಕೆ ಹೋಗ್ತಾಳೆ?"   ವರ್ಕ್‌ಶಾಪಿನಲ್ಲಿ ಜಗಳವಾಡುತ್ತ ನೀನು ಎತ್ತಿದ ಸ್ಪ್ಯಾನರ್ ಒಂದೇ ಏಟಿಗೆ ಅವನನ್ನು ತೆಗೆದುಕೊಂಡುಹೋಯಿತು. ಒಬ್ಬಳ ಮಗ ಇಲ್ಲ, ಇನ್ನೊಬ್ಬಳ ಮಗ ಇದ್ದೂ ಇಲ್ಲ. ಹಾಗೆಂದು ನಾನೂ ಮನೆಯಲ್ಲಿ ಕೂತರೆ ಆಕೆಗೇನು ಸಿಗುತ್ತದೆ ಎನ್ನುವುದು ನನಗೆ ತಿಳಿಯುವುದಿಲ್ಲ. ಯಾವತ್ತೋ ಒಂದು ದಿನ ನಿನಗೆ ನೋಡಬೇಕು ಅನ್ನಿಸಬಹುದು. ಅವತ್ತು ನಾನು ಅಲ್ಲಿರಬೇಕು, ಇಷ್ಟೇ ನನ್ನ ಲೆಕ್ಕ. ಅದಕ್ಕೆ ಪೆಟ್ಟಿಗೆ ಬೇಕು. ಬೆಳಗಿನ ಭೇಟಿಗೆ ಹಿಂದಿನ ದಿನವೇ ಬಂದು ತಂಗಬೇಕು. ಬದಲಿ ಬಟ್ಟೆ, ಮಾತ್ರೆ, ಹೊದಿಕೆ ಎಲ್ಲ ಕೈಚೀಲಕ್ಕೆ ಹಿಡಿಯುವುದಿಲ್ಲ.

ಬಾಗಿಲಲ್ಲಿ ನಮ್ಮ ಸಾಮಾನು ಇಡಲು ಗೋಡೆಗೆ ಕಬ್ಬಿಣದ ಗೂಡುಗಳನ್ನು ಕೂರಿಸಿದ್ದಾರೆ. ಗೂಡಿನ ಬಾಗಿಲು ಮುಚ್ಚಿ, ಬೀಗ ಹಾಕಿ, ಬಿಲ್ಲೆ ತೋರಿಸಿದರೆ ಮಾತ್ರ ಒಳಗೆ. ಅವತ್ತು ಏರು ಹತ್ತುವಾಗಲೇ ಹಳೆಯ ಪೆಟ್ಟಿಗೆಯ ಗಾಲಿ ಅಲ್ಲಾಡುತ್ತಿತ್ತು, ಹೊಸದು ಬೇಕಾದೀತು ಅನ್ನಿಸಿತ್ತು. ಬೆಂಚಿನ ಮೇಲೆ ನನಗೆ ಬೇರೆ ಕೆಲಸವೂ ಇರಲಿಲ್ಲವಲ್ಲ, ಚೀಲದಿಂದ ದಾರದ ಉಂಡೆ ತೆಗೆದು ಗೂಡಿನ ಉದ್ದ, ಅಗಲ, ಆಳ ಅಳೆದು ಒಂದೊಂದು ಗಂಟು ಹಾಕಿಕೊಂಡೆ. ಮೀಸೆಯವರು ನೋಡಿ, "ಗೂಡಿಗೂ ಅಂಗಿ ಹೊಲೀತೀರೇನಮ್ಮ?" ಎಂದರು. ಒಳ್ಳೆಯ ಮನುಷ್ಯ, ಸುಮ್ಮನೆ ಮುಖ ಗಂಟು ಹಾಕಿಕೊಂಡಿರುತ್ತಾರೆ.

ಪೆಟ್ಟಿಗೆ ಅಂಗಡಿಗೆ ನನ್ನ ಜೊತೆ ಬಂದದ್ದು ಎದುರು ಮನೆಯ ಬ್ಯಾಂಕಿನಕ್ಕ. ಅವಳು ಶಾಖೆಗಳ ಲೆಕ್ಕ ತಪಾಸಣೆ ಎಂದು ವಾರಕ್ಕೊಂದು ಊರು ಸುತ್ತುವವಳು, ಪೆಟ್ಟಿಗೆಯ ವಿಷಯದಲ್ಲಿ ಅವಳ ಮಾತೇ ಮಾತು. ದಾರಿಯುದ್ದಕ್ಕೂ ಪಾಠ ಮಾಡಿದಳು. ಗಟ್ಟಿ ಚಿಪ್ಪಿನದು ಬೀಳುವಾಗ ಬಿರುಕು ಬಿಡಬಾರದು, ಬಗ್ಗಿ ಮತ್ತೆ ನೆಟ್ಟಗಾಗಬೇಕು. ಜಿಪ್ಪಿಗೆ ಎರಡು ಪದರ ಹಲ್ಲಿರಬೇಕು, ಇಲ್ಲದಿದ್ದರೆ ಪೆನ್ನಿನ ಮೊನೆ ಚುಚ್ಚಿದರೂ ಬಾಯಿ ತೆರೆಯುತ್ತದೆ. ಹಿಡಿ ಎಳೆದಾಗ ಅಲ್ಲಾಡಬಾರದು. ಗಾಲಿ ನಾಲ್ಕಿರಬೇಕು, ಬೆರಳಲ್ಲಿ ತಳ್ಳಿದರೆ ನಾಯಿಮರಿಯ ಹಾಗೆ ಪಕ್ಕದಲ್ಲೇ ಬರಬೇಕು.

ಅಂಗಡಿಯವರು ಸಾಲಾಗಿ ಇಳಿಸಿದರು. ಒಂದರ ಮೇಲೆ ತಾವೇ ಹತ್ತಿ ನಿಂತು ತೋರಿಸಿದರು. ನಾನು ಒಂದೊಂದಕ್ಕೂ ದಾರ ಹಿಡಿಯುತ್ತ ಹೋದದ್ದು ನೋಡಿ, ವಿಮಾನದಲ್ಲಿ ಸೀಟಿನ ಮೇಲಿನ ಗೂಡಲ್ಲಿ ಇಡೋದಾ ಅಮ್ಮ ಎಂದು ಕೇಳಿದರು. ಹೌದೆಂದೆ. ವಿಮಾನವನ್ನು ನಾನು ತಲೆಯೆತ್ತಿ ನೋಡಿರುವುದಷ್ಟೆ. ಯಾರಿದ್ದಾರೆ ಅಲ್ಲಿ ಎಂದರು. ಮಗ ಎಂದೆ. ಏನು ಮಾಡ್ತಾರೆ ಎಂದರು. ಸರ್ಕಾರವೇ ಊಟ ವಸತಿ ಕೊಟ್ಟು ಇಟ್ಟುಕೊಂಡಿದೆ, ಬಿಡುವುದೇ ಇಲ್ಲ ಎಂದೆ. ಪುಣ್ಯವಂತರು ಎಂದು ಅವರು ತಲೆಯಾಡಿಸಿದರು. ಬ್ಯಾಂಕಿನಕ್ಕನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಗಾಲಿಯ ವಿಷಯಕ್ಕೆ ನಮ್ಮಿಬ್ಬರಿಗೂ ಅಲ್ಲೇ ಚಕಮಕಿಯಾಯಿತು. ಅವಳ ನಾಲ್ಕು ಗಾಲಿ ನುಣುಪು ನೆಲದ ಮೇಲೆ ಚಂದ, ಒಪ್ಪುತ್ತೇನೆ. ಆ ಜಲ್ಲಿಯ ಏರಿನಲ್ಲಿ ಅದರ ಪುಟಾಣಿ ಗಾಲಿಗಳು ಕಲ್ಲಿನ ಸಂದಿಗೆ ಸಿಕ್ಕಿ ಕಿರುಗುಡುತ್ತವೆ, ಇಳಿಜಾರಿನಲ್ಲಿ ಕೈಬಿಟ್ಟರೆ ಹಳೆಯ ಪೆಟ್ಟಿಗೆಯ ಗಾಲಿಯ ಹಾಗೇ ಚಹಾ ಅಂಗಡಿ ಸೇರುತ್ತವೆ. ನನಗೆ ಎರಡೇ ಸಾಕು, ದೊಡ್ಡದಿರಲಿ, ರಬ್ಬರಿನದಿರಲಿ ಎಂದು ಹಟ ಹಿಡಿದೆ. ಕೊನೆಗೆ ಗೋದಾಮಿನಿಂದ ಕಡುನೀಲಿ ಬಣ್ಣದ್ದೊಂದನ್ನು ತಂದರು. ಹಿಂದೆ ಎರಡು ದಪ್ಪ ಗಾಲಿ, ಎರಡು ಪದರದ ಜಿಪ್ಪು. ಚಿಪ್ಪಿಗೆ ದಾರ ಹಿಡಿದರೆ ಮೂರೂ ಗಂಟು ಸರಿಯಾಗಿ ಕೂತವು. ಅಳತೆ ಹಿಡಿದು ಹೊಲಿಸಿದ ಹಾಗಿತ್ತು.

ಎಷ್ಟು ವರ್ಷ ಬಾಳಿಕೆ ಬರಬೇಕು ಎಂದು ಕೇಳಿದರು. ಹದಿನೇಳು ಎಂದೆ. ಅವರು ನಕ್ಕರು. ಗ್ಯಾರಂಟಿ ಹತ್ತೇ ವರ್ಷಕ್ಕಂತೆ. "ಆಮೇಲೆ ಅಂಗಡೀಲಿ ನಾನಿರ್ತೀನೋ ಇಲ್ವೋ ಗೊತ್ತಿಲ್ಲ, ಈ ಪೆಟ್ಟಿಗೆ ಮಾತ್ರ ಇರುತ್ತೆ ತಗೊಳ್ಳಿ" ಎಂದರು. ಹಿಡಿಯನ್ನು ಪೂರ್ತಿ ಎಳೆದರೆ ನನ್ನ ಎದೆಮಟ್ಟಕ್ಕೆ ಬಂತು. ಬ್ಯಾಂಕಿನಕ್ಕ, ನೀವು ಪೆಟ್ಟಿಗೆ ಎಳೀತೀರೋ ಪೆಟ್ಟಿಗೆ ನಿಮ್ಮನ್ನ ಎಳೀತದೋ ಎಂದು ಗೇಲಿ ಮಾಡಿದಳು. ಇರಲಿ ಬಿಡು ಎಂದು ಕೊಂಡುಕೊಂಡೆ.

ಮನೆಗೆ ತಂದು ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿದ್ದೇನೆ. ಸಮವಸ್ತ್ರಕ್ಕೆ ಬರುವ ಮಕ್ಕಳು ಅದರ ಮೇಲೆ ಕೂರಲು ಜಗಳವಾಡುತ್ತವೆ. ಈ ತಿಂಗಳ ಭೇಟಿಯ ದಿನ ಬರುತ್ತೇನೆ. ಬರಲೇಬೇಕೆಂದು ನಿನ್ನನ್ನು ಕೇಳುವುದಿಲ್ಲ. ಹೊಸ ಪೆಟ್ಟಿಗೆಯನ್ನಾದರೂ ನೋಡುವ ಆಸೆಯಾದರೆ ಬಾ. ಅದು ಗೂಡಿನಲ್ಲಿರುತ್ತದೆ, ನಿನಗೆ ಕಾಣುವುದಿಲ್ಲ, ನಾನು ವರ್ಣಿಸಿ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ.

ನಿನ್ನ ಅಮ್ಮ

* * *

ಆಗಸ್ಟ್ ೨೦, ಭಾನುವಾರ

ಚಿರಂಜೀವಿ ಗುಂಡನಿಗೆ,

ಆಶೀರ್ವಾದಗಳು. ಸಾಹೇಬರಿಗೆ ನಮಸ್ಕಾರ, ಮತ್ತು ಒಂದು ಬೇಡಿಕೆ: ಈ ಪತ್ರದಲ್ಲಿ ಕಪ್ಪು ಬಳಿಯುವಂಥದ್ದು ಏನೂ ಇಲ್ಲ, ದಯವಿಟ್ಟು ಪೂರ್ತಿ ಅವನ ಕೈಗೆ ಸೇರಿಸಿ.

ತಡವಾದದ್ದಕ್ಕೆ ಈ ಸಲ ಸಮವಸ್ತ್ರದ ನೆಪ ಹೇಳುವುದಿಲ್ಲ. ಎಷ್ಟೋ ಸಲ ಕೂತೆ, ಎದ್ದೆ. ಮಣಿಕಟ್ಟು ವಾಸಿಯಾಗಿದೆ. ಬ್ಯಾಂಕಿನಕ್ಕನಿಗೆ ಬಡ್ತಿ ಸಿಕ್ಕಿತು, ಇನ್ನು ಮೇಲೆ ಅವಳು ಊರೂರು ತಿರುಗಬೇಕಿಲ್ಲ. ನಾಲ್ಕು ಗಾಲಿಯ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಉಸ್ಸೆಂದು ಕಾಲು ಚಾಚಿದ್ದಾಳೆ. ನಮ್ಮ ಬೀದಿಗೆ ಹೊಸ ಡಾಂಬರು ಹಾಕಿದ್ದಾರೆ. ಹೇಳಬೇಕಾದದ್ದನ್ನು ಹೀಗೆ ಮುಂದೂಡುತ್ತಲೇ ಇದ್ದೇನೆ.

ಜೂನ್ ತಿಂಗಳ ಭೇಟಿಗೆ ನಾನು ಬಂದಿದ್ದೆ ಗುಂಡ. ನೀನು ಏನೇ ಅಂದುಕೊಂಡಿರು, ನಾನು ಬಂದಿದ್ದೆ.

ಪೆಟ್ಟಿಗೆ ಏರನ್ನು ಎಷ್ಟು ಚೆನ್ನಾಗಿ ಹತ್ತಿತೆಂದರೆ ನನಗೇ ಹೆಮ್ಮೆಯಾಯಿತು. ಚಹಾ ಅಂಗಡಿಯವಳು ಹೊರಗೆ ಬಂದು ನೋಡಿದಳು. ಬಾಗಿಲಲ್ಲಿ ಹೆಸರು ಹೇಳಿ, ಬಿಲ್ಲೆ ತೆಗೆದುಕೊಂಡು, ಗೂಡಿನೊಳಕ್ಕೆ ತಳ್ಳಿದೆ. ಸರಾಗವಾಗಿ ಹೋಯಿತು. ಬಾಗಿಲು ಹಾಕಿದರೆ ಮುಚ್ಚಲಿಲ್ಲ. ಒತ್ತಿದೆ, ಅಡ್ಡ ಮಲಗಿಸಿದೆ, ತಿರುಗಿಸಿದೆ. ಎರಡು ಬೆರಳಷ್ಟು ಬಾಯಿ ಬಿಟ್ಟುಕೊಂಡೇ ನಿಂತಿತ್ತು. ಬಗ್ಗಿ ನೋಡಿದಾಗ ಗೊತ್ತಾಯಿತು, ಗಾಲಿಗಳು. ಚಿಪ್ಪಿಗೆ ದಾರ ಹಿಡಿದವಳು ಹಿಂದೆ ಉಬ್ಬಿಕೊಂಡಿದ್ದ ಗಾಲಿಗಳನ್ನು ಅಳೆದೇ ಇರಲಿಲ್ಲ. ಜೀವಮಾನವೆಲ್ಲ ಟೇಪು ಕೊರಳಲ್ಲಿ ಹಾಕಿಕೊಂಡವಳು ಮೈಯ ಅಳತೆ ತೆಗೆದು ಕಾಲು ಬಿಟ್ಟಿದ್ದೆ. ಬ್ಯಾಂಕಿನಕ್ಕನ ಪುಟಾಣಿ ಗಾಲಿಗಳಾಗಿದ್ದರೆ ಮುಚ್ಚುತ್ತಿತ್ತು. ಆ ದೊಡ್ಡ ಗಾಲಿಗೆ ಹಟ ಹಿಡಿದವಳು ನಾನೇ.

ಮೀಸೆಯವರು ಅವತ್ತು ಒಳಗಿನ ಪಾಳಿಯಲ್ಲಿದ್ದರು. ಬಾಗಿಲಲ್ಲಿದ್ದದ್ದು ಹೊಸಬರು. ಬೀಗ ಬೀಳದ ಸಾಮಾನು ಬಿಟ್ಟು ಒಳಗೆ ಹೋಗುವ ಹಾಗಿಲ್ಲ, ಹೊರಗೆ ಎಲ್ಲಾದರೂ ಇಟ್ಟು ಬನ್ನಿ ಎಂದರು. ಅವರ ತಪ್ಪೇನಿಲ್ಲ, ಕಾಯಿದೆ ಹಾಗಿದೆ. ಪೆಟ್ಟಿಗೆ ಎಳೆದುಕೊಂಡು ಮತ್ತೆ ಇಳಿಜಾರು ಇಳಿದೆ.

ಇಲ್ಲಿಂದ ಮುಂದಿನದನ್ನು ಬರೆಯುವುದು ನನಗೆ ಕಷ್ಟ. ನಾನು ಆತುರ ಪಡಲಿಲ್ಲ. ಯಾಕೆ ಪಡಲಿ? ನೀನು ಬರುವವನಲ್ಲ. ಮೇಲೆ ಹೋದರೂ ಬೆಂಚು, ಕೆಳಗಿದ್ದರೂ ಬೆಂಚು. ಚಹಾ ಅಂಗಡಿಯವಳು ಪೆಟ್ಟಿಗೆಯನ್ನು ಒಲೆಯ ಹಿಂದೆ ಇಡಿಸಿಕೊಂಡು, ಬೆವತಿದ್ದೀರಿ, ಕೂತ್ಕೊಳ್ಳಿ ಎಂದಳು. ಕೂತೆ. ಚಹಾ ಕೊಟ್ಟಳು, ಕುಡಿದೆ. ಬಿಸಿ ಹೆಚ್ಚಾಗಿತ್ತೆಂದು ಆರಿಸಿ ಆರಿಸಿ ಕುಡಿದೆ ಗುಂಡ. ಅವಳ ಸೊಸೆಯ ಕಥೆ ಕೇಳಿದೆ. ಆಮೇಲೆ ನಿಧಾನಕ್ಕೆ ಹತ್ತಿ ಬಂದಾಗ ಭೇಟಿಯ ಹೊತ್ತು ಮುಗಿದು, ಜನ ಗೂಡುಗಳಿಂದ ಸಾಮಾನು ಬಿಡಿಸಿಕೊಳ್ಳುತ್ತಿದ್ದರು.

ಮೀಸೆಯವರು ನನ್ನನ್ನೇ ಹುಡುಕುತ್ತ ಹೊರಗೆ ಬಂದರು. "ಎಲ್ಲಿ ಹೋಗಿದ್ರಿ ಅಮ್ಮ? ಇವತ್ತು ಬಂದಿದ್ದ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಯಾರು ಎಂದು ಕೇಳಿದೆ. ನಿನ್ನ ಅಮ್ಮ, "ಯಾರು?" ಎಂದು ಕೇಳಿದಳು ನೋಡು.

ನೀನು ತಲೆ ಬಾಚಿಕೊಂಡು ಬಂದಿದ್ದೆಯಂತೆ. ಗಾಜಿನ ಆಚೆ, ಕೊನೆಯ ಕುರ್ಚಿಯಲ್ಲಿ ಕೂತಿದ್ದೆಯಂತೆ. ಎರಡು ಸಲ ನನ್ನ ಹೆಸರು ಕೂಗಿಸಿದರಂತೆ; ಕೆಳಗಿನ ಒಲೆಯ ಹತ್ತಿರಕ್ಕೆ ಅದು ಹೇಗೆ ಕೇಳೀತು? ಹೊತ್ತು ಮುಗಿದ ಗಂಟೆ ಹೊಡೆದ ಮೇಲೆ ನೀನು ಎದ್ದು, "ಅಮ್ಮ ಬರೋದು ನಿಲ್ಲಿಸಿದ್ಳು. ಒಳ್ಳೇದಾಯ್ತು" ಎಂದೆಯಂತೆ. ಹೇಗೆ ಹೇಳಿದ, ಸಿಟ್ಟಿನಲ್ಲೋ, ನೋವಿನಲ್ಲೋ ಎಂದು ಮೀಸೆಯವರನ್ನು ಪೀಡಿಸಿದೆ.  ಸಮಾಧಾನವಾಗಿ ಹೇಳಿದ ಎಂದರು.

ಸಿಟ್ಟಿನಲ್ಲಿ ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತು, ಅದು ಉರಿದು ಆರುತ್ತದೆ. ಸಮಾಧಾನದಲ್ಲಿ ಹೇಳಿದ ಮಾತನ್ನು ನೀನು ಒಂದು ಸಲವೂ ವಾಪಸ್ಸು ತೆಗೆದುಕೊಂಡವನಲ್ಲ.

ಮತ್ತೊಮ್ಮೆ ಕರೆಸಿ ಎಂದು ಕಾಲು ಹಿಡಿಯುವುದೊಂದು ಬಾಕಿ. ತಿಂಗಳಿಗೆ ಒಂದೇ ಭೇಟಿ, ಅದು ಮುಗಿದುಹೋಗಿತ್ತು. ಅಮ್ಮ ಬಂದಿದ್ದರು ಎಂದು ಒಳಗೆ ಹೇಳುತ್ತೇನೆಂದು ಮೀಸೆಯವರು ಮಾತು ಕೊಟ್ಟರು. ಹೇಳಿರುತ್ತಾರೆ. ಆದರೆ ಬಂದವಳು ಯಾಕೆ ಒಳಗೆ ಬರಲಿಲ್ಲ ಎನ್ನುವುದಕ್ಕೆ ಪೆಟ್ಟಿಗೆಯ ಗಾಲಿ ಉಬ್ಬಿತ್ತು ಎಂದರೆ ಯಾರು ನಂಬುತ್ತಾರೆ? ನಾನೇ ನಂಬುತ್ತಿರಲಿಲ್ಲ.

ಜುಲೈಯಲ್ಲಿ ಬಂದೆ, ಪೆಟ್ಟಿಗೆ ಬಿಟ್ಟು ಒಂದು ಬಟ್ಟೆಯ ಚೀಲ ಹಿಡಿದುಕೊಂಡು. ಗೂಡಿನ ಬಾಗಿಲು ಒಂದೇ ಏಟಿಗೆ ಮುಚ್ಚಿತು. ಎಲ್ಲರಿಗಿಂತ ಮೊದಲು ಹೋಗಿ ಬೆಂಚಿನ ತುದಿಯಲ್ಲಿ ಕೂತೆ, ನೀರು ಕುಡಿಯಲೂ ಏಳಲಿಲ್ಲ. ಭೇಟಿ ಬೇಡವಂತೆ ಎಂದರು. ಮೊನ್ನೆ ಆಗಸ್ಟಿನ ಭೇಟಿಗೂ ಹಾಗೇ ಬಂದೆ. ಭೇಟಿ ಬೇಡವಂತೆ ಎಂದು ಹೇಳುವುದಕ್ಕೆ ಮೀಸೆಯವರು ತಾವು ಬರಲಿಲ್ಲ, ಇನ್ನೊಬ್ಬರನ್ನು ಕಳಿಸಿದರು. ಅದರಿಂದಲೇ ನನಗೆ ಗೊತ್ತಾಯಿತು, ಇದು ಇನ್ನು ಬದಲಾಗುವಂಥದ್ದಲ್ಲ ಎಂದು.

ಬ್ಯಾಂಕಿನಕ್ಕ ಸಾಂತ್ವನ ಹೇಳಲು ಬಂದಿದ್ದಳು. ಒಂದು ಸಲ ಬಂದವನು ಇನ್ನೊಂದು ಸಲ ಬಂದೇ ಬರುತ್ತಾನೆ ಎಂದಳು. ಹೂಂ ಎಂದೆ. ಅವಳ ಮನಸ್ಸು ಯಾಕೆ ನೋಯಿಸಲಿ? ಆದರೆ ನೀನು ಅವತ್ತು ಬಂದದ್ದು ನಿನ್ನ ಎಷ್ಟು ದಿನದ ಒದ್ದಾಟದ ಮೇಲೋ, ನನಗೆ ಗೊತ್ತಿಲ್ಲವೇ. ಅಷ್ಟು ಕೂಡಿಹಾಕಿಕೊಂಡು ಬಂದವನ ಎದುರಿಗೆ ಖಾಲಿ ಕುರ್ಚಿ ಇತ್ತು. ನಾನು ಕೆಳಗೆ ಚಹಾ ಆರಿಸುತ್ತಿದ್ದೆ.

ಪೆಟ್ಟಿಗೆ ವಾಪಸ್ಸು ಕೊಟ್ಟುಬಿಡಿ, ಇನ್ನೂ ಹೊಸದೇ ಇದೆ ಎಂದೂ ಅವಳು ಹೇಳಿದಳು. ಕೊಡುವುದಿಲ್ಲ ಎಂದೆ. ಅದನ್ನು ಕಣ್ಣೆದುರು ಇಟ್ಟುಕೊಂಡು ಏನು ಮಾಡ್ತೀರಿ ಎಂದು ಗದರಿದಳು. ಅವಳಿಗೆ ಕಾರಣ ಹೇಳಲಿಲ್ಲ.

ನಾನು ಬರುತ್ತಲೇ ಇರುತ್ತೇನೆ. ನೀನು ಬರುವೆ ಎಂಬ ನಂಬಿಕೆಯಿಂದಲ್ಲ, ಅದು ಹೋಯಿತು. ಅಮ್ಮ ಬರುವುದು ನಿಲ್ಲಿಸಿದಳು ಎನ್ನುವ ಮಾತು ನಿಜವಾಗದಿರಲಿ ಎಂದು ಮಾತ್ರ. ಚೀಲ ಹಿಡಿದು ಬರುತ್ತೇನೆ, ಕೂರುತ್ತೇನೆ, ಹೋಗುತ್ತೇನೆ. ನಿನಗೇನೂ ತೊಂದರೆಯಿಲ್ಲ.

ಚೆನ್ನಾಗಿರು ಮಗನೇ. ಯಾರ ಮೇಲೂ ಕೈ ಎತ್ತಬೇಡ, ನಿನ್ನ ಮೇಲೂ. ನನ್ನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ನಿನಗೆ ಸಲ್ಲಲಿ.

ನಿನ್ನ ಅಮ್ಮ

ಮರೆತ ಮಾತು: ಪೆಟ್ಟಿಗೆಯ ಕಾರಣವನ್ನು ನಿನಗಾದರೂ ಹೇಳಿಬಿಡುತ್ತೇನೆ. ಅವತ್ತು ಅಂಗಡಿಯಲ್ಲಿ ಹಿಡಿ ನನ್ನ ಎದೆಗೆ ಬಂತೆಂದು ಬರೆದಿದ್ದೆನಲ್ಲ, ಗಿಡ್ಡ ಹಿಡಿಯದೂ ಇತ್ತು. ಬೇಡವೆಂದೆ. ನಿನ್ನಷ್ಟೇ ಎತ್ತರದ ಗಿರಾಕಿಯೊಬ್ಬರು ಅಲ್ಲಿದ್ದರು. ಅವರನ್ನು ಕೇಳಿಕೊಂಡು ನೀಲಿ ಪೆಟ್ಟಿಗೆಯನ್ನು ಬಾಗಿಲ ತನಕ ಎಳೆಸಿ ನೋಡಿದೆ. ಬೆನ್ನು ಬಗ್ಗಲಿಲ್ಲ, ಕೈ ನೆಟ್ಟಗಿತ್ತು. ಹಿಂದಿನಿಂದ ನೋಡಿದರೆ ನೀನೇ ಹೊರಟು ಹೋಗುತ್ತಿರುವ ಹಾಗಿತ್ತು. ನಿನ್ನನ್ನು ಬಿಡುವುದಕ್ಕೆ ಹದಿನೇಳು ವರ್ಷವಿದೆ, ನನಗೆ ಈಗಲೇ ಅರವತ್ತೆಂಟು. ಬಾಗಿಲಲ್ಲಿ ಕಾಯುವುದಕ್ಕೆ ನಾನಿರುವುದಿಲ್ಲ, ಪೆಟ್ಟಿಗೆ ಇರಲಿ ಎಂದು ಗಟ್ಟಿಯದನ್ನೇ ಆರಿಸಿದೆ. ನನ್ನ ಕಾಲ ಮುಗಿದ ಮೇಲೆ ಅದು ಬ್ಯಾಂಕಿನಕ್ಕನ ಮನೆಯಲ್ಲಿರುತ್ತದೆ. ಒಳಗೆ ಎರಡು ಅಂಗಿ, ಎರಡು ಪ್ಯಾಂಟು ಹೊಲಿದು ಮಡಿಸಿಟ್ಟಿದ್ದೇನೆ. ನಿನ್ನ ಹಳೆಯ ಅಳತೆ ನನ್ನ ಹತ್ತಿರವಿದೆ, ಆದರೆ ಜೈಲಿನ ಊಟದಲ್ಲಿ ಇಳಿದಿದ್ದೀಯೋ, ಕೂತು ಕೂತು ದಪ್ಪಗಾಗಿದ್ದೀಯೋ ನನಗೆ ತಿಳಿಯದು. ಟೇಪು ಬೇಕಾಗಿರಲಿಲ್ಲ ಗುಂಡ, ಗಾಜಿನ ಈಚೆಯಿಂದ ಒಂದು ಸಲ ನೋಡಿದ್ದರೆ ಸಾಕಾಗಿತ್ತು. ಅಂದಾಜಿನ ಮೇಲೆ ಕತ್ತರಿಸಿದ್ದೇನೆ.